ಮನೋವೈದ್ಯ ಫ್ರಾಂಟ್ಜ್ ಫ್ಯಾನನ್

ದೇಹಕ್ಕೆ ತಗುಲಿದ ಗಾಯ ಕಣ್ಣಿಗೆ ಕಾಣುತ್ತದೆ. ನೋಡಿದವರು ಮರುಗುತ್ತಾರೆ, ವೈದ್ಯರು ಔಷಧ ಹಚ್ಚಿ ಪಟ್ಟಿ ಕಟ್ಟುತ್ತಾರೆ. ಮನಸ್ಸಿಗೆ ತಗುಲಿದ ಗಾಯವಾದರೋ ಯಾರ ಕಣ್ಣಿಗೂ ಕಾಣದು. ಅದನ್ನು ಹೊತ್ತವನು ಒಳಗೊಳಗೇ ನವೆಯುತ್ತಾನೆ. ಮೈಬಣ್ಣದ ಕಾರಣದಿಂದ ಒಬ್ಬನನ್ನು ಕೀಳೆಂದು ಕಂಡಾಗ, ಅವನ ಭಾಷೆಯನ್ನೂ ನಡೆನುಡಿಯನ್ನೂ ಹೀಯಾಳಿಸಿದಾಗ ಆಗುವ ಗಾಯ ಬಹು ಆಳವಾದುದು. ಈ ಗಾಯದ ನೋವನ್ನು ಸ್ವತಃ ಉಂಡು, ಅದರ ಮೂಲವನ್ನು ಶೋಧಿಸಿ, ಅದಕ್ಕೆ ಮದ್ದನ್ನು ಹುಡುಕುವುದರಲ್ಲಿಯೇ ತಮ್ಮ ಅಲ್ಪಾಯುಷ್ಯವನ್ನು ಸವೆಸಿದ ಮಹಾವೈದ್ಯರು ಡಾಕ್ಟರ್ ಫ್ರಾಂಟ್ಜ್ ಫ್ಯಾನನ್.

ಅಮೆರಿಕ ಖಂಡಗಳೆರಡರ ನಡುವೆ, ಕೆರಿಬಿಯನ್ ಸಮುದ್ರದ ಅಂಚಿನಲ್ಲಿ ಮಾರ್ಟಿನಿಕ್ ಎಂಬ ಪುಟ್ಟ ದ್ವೀಪವಿದೆ. ಫ್ರೆಂಚರು ಹದಿನೇಳನೆಯ ಶತಮಾನದಲ್ಲಿ ಅದನ್ನು ವಶಪಡಿಸಿಕೊಂಡು, ಕಬ್ಬಿನ ತೋಟಗಳಲ್ಲಿ ದುಡಿಸಲು ಆಫ್ರಿಕದಿಂದ ಜನರನ್ನು ಗುಲಾಮರನ್ನಾಗಿ ಹಿಡಿದು ತಂದರು. 1848ರಲ್ಲಿ ಗುಲಾಮಗಿರಿ ರದ್ದಾಯಿತು. ಆದರೆ ಕಾಲಿನ ಸಂಕೋಲೆ ಕಳಚಿದ ಮಾತ್ರಕ್ಕೆ ಮನಸ್ಸಿನ ಸಂಕೋಲೆ ಕಳಚೀತೆ? ಬಿಳಿಯ ಬಣ್ಣವೇ ಮೇಲು, ಕಪ್ಪು ಬಣ್ಣ ಕೀಳು ಎಂಬ ಭಾವನೆ ಆ ದ್ವೀಪದ ಗಾಳಿಯಲ್ಲಿಯೇ ಬೆರೆತುಹೋಗಿತ್ತು. ಈ ದ್ವೀಪದ ಫೋರ್-ದ-ಫ್ರಾನ್ಸ್ ನಗರದಲ್ಲಿ 1925ರ ಜುಲೈ 20ರಂದು ಫ್ಯಾನನ್ ಜನಿಸಿದರು. ತಂದೆ ಸುಂಕದ ಇಲಾಖೆಯ ನೌಕರರು. ತಾಯಿ ಅಂಗಡಿಯೊಂದನ್ನು ನಡೆಸುತ್ತಿದ್ದರು. ಮಕ್ಕಳು ಹಲವರಿದ್ದ ಮಧ್ಯಮವರ್ಗದ ಆ ಮನೆಯಲ್ಲಿ ಊಟಕ್ಕೂ ಓದಿಗೂ ಕೊರತೆಯಿರಲಿಲ್ಲ.

ಅಂದಿನ ಶಾಲೆಗಳಲ್ಲಿ ಕಪ್ಪುಮೈಯ ಮಕ್ಕಳಿಗೆ ಫ್ರಾನ್ಸಿನ ಪುರಾತನ ಜನರಾದ ಗಾಲರೇ ತಮ್ಮ ಪೂರ್ವಜರೆಂದು ಪಾಠ ಹೇಳಿಕೊಡುತ್ತಿದ್ದರು. ಮನೆಯಲ್ಲಿ ಆಡುವ ಕ್ರಿಯೋಲ್ ನುಡಿಯನ್ನು ಶಾಲೆಯಲ್ಲಿ ಆಡುವುದು ಅಗೌರವವೆನಿಸುತ್ತಿತ್ತು. ಹೀಗೆ ಮಕ್ಕಳು ತಮಗರಿವಿಲ್ಲದೆಯೇ ತಮ್ಮನ್ನು ಬಿಳಿಯರ ಕಣ್ಣಿನಿಂದ ನೋಡಿಕೊಳ್ಳುವುದನ್ನು ಕಲಿಯುತ್ತಿದ್ದರು. ಫ್ಯಾನನ್ ಓದುತ್ತಿದ್ದ ಪ್ರೌಢಶಾಲೆಯಲ್ಲಿ ಎಮೆ ಸೆಸೇರ್ ಎಂಬ ಕವಿ ಅಧ್ಯಾಪಕರಾಗಿದ್ದರು. ಕಪ್ಪಾಗಿರುವುದು ನಾಚಿಕೆಯ ವಿಷಯವಲ್ಲ, ಅಭಿಮಾನದ ವಿಷಯ ಎಂಬ ಹೊಸ ವಿಚಾರವನ್ನು ಅವರು ದ್ವೀಪದ ಯುವಕರಲ್ಲಿ ಬಿತ್ತಿದರು. ಆ ಬೀಜ ಫ್ಯಾನನ್ನರ ಮನಸ್ಸಿನಲ್ಲಿ ಬೇರೂರಿತು.

1940ರಲ್ಲಿ ಜರ್ಮನಿಯ ನಾಜಿ ಸೈನ್ಯಕ್ಕೆ ಫ್ರಾನ್ಸ್ ಶರಣಾಯಿತು. ಸಾವಿರಾರು ಫ್ರೆಂಚ್ ನಾವಿಕರು ಮಾರ್ಟಿನಿಕ್‌ನಲ್ಲಿ ಬೀಡುಬಿಟ್ಟು ಸ್ಥಳೀಯರನ್ನು ಅವಮಾನಗೊಳಿಸತೊಡಗಿದರು. ಮನುಷ್ಯನ ಸ್ವಾತಂತ್ರ್ಯಕ್ಕೆ ಎಲ್ಲಿ ಧಕ್ಕೆ ಬಂದರೂ ಅದು ತನಗೇ ಬಂದ ಧಕ್ಕೆಯೆಂದು ಬಗೆದ ಫ್ಯಾನನ್, ಹದಿಹರೆಯದಲ್ಲಿಯೇ ದೋಣಿಯೇರಿ ನೆರೆಯ ಡೊಮಿನಿಕ ದ್ವೀಪಕ್ಕೆ ಹೋದರು. ಮುಂದೆ 1944ರಲ್ಲಿ ಸ್ವತಂತ್ರ ಫ್ರಾನ್ಸಿನ ಸೈನ್ಯವನ್ನು ಸೇರಿ ಉತ್ತರ ಆಫ್ರಿಕಕ್ಕೂ ಅಲ್ಲಿಂದ ಯುರೋಪಿನ ರಣರಂಗಕ್ಕೂ ತೆರಳಿದರು. ಆ ವರ್ಷದ ನವೆಂಬರ್ ತಿಂಗಳಲ್ಲಿ ಶತ್ರುಗಳ ಸಿಡಿಗುಂಡಿನ ಚೂರು ತಗುಲಿ ಗಾಯಗೊಂಡರು. ಅವರ ಶೌರ್ಯಕ್ಕಾಗಿ ಯುದ್ಧಪದಕವೂ ದೊರೆಯಿತು.

ಆದರೆ ಪದಕಕ್ಕಿಂತ ಮಿಗಿಲಾಗಿ ಅವರ ನೆನಪಿನಲ್ಲಿ ಉಳಿದುದು ಬೇರೊಂದು ಅನುಭವ. ಸಮಾನತೆಗಾಗಿ ಹೋರಾಡುತ್ತಿದ್ದ ಸೈನ್ಯದಲ್ಲಿಯೇ ಸಮಾನತೆಯಿರಲಿಲ್ಲ. ಬಿಳಿಯರು ಮೊದಲು, ದ್ವೀಪದ ಕಪ್ಪುಜನರು ಅನಂತರ, ಆಫ್ರಿಕದವರು ಎಲ್ಲರಿಗಿಂತ ಕೆಳಗೆ, ಹೀಗೆ ಬಣ್ಣಕ್ಕೆ ತಕ್ಕ ಮೆಟ್ಟಿಲುಗಳಿದ್ದವು. ತಾವು ನಂಬಿ ಬಂದ ಆದರ್ಶವೇ ಸುಳ್ಳಾಯಿತಲ್ಲ ಎಂಬ ವ್ಯಥೆಯನ್ನು ಅವರು ರಣರಂಗದಿಂದ ತಂದೆತಾಯಿಗಳಿಗೆ ಬರೆದ ಪತ್ರದಲ್ಲಿ ತೋಡಿಕೊಂಡರು.

ಯುದ್ಧ ಮುಗಿದ ಮೇಲೆ ಫ್ಯಾನನ್ ಊರಿಗೆ ಮರಳಿ ಓದನ್ನು ಪೂರೈಸಿ, ಫ್ರಾನ್ಸಿನ ಲಿಯೋನ್ ನಗರದಲ್ಲಿ ವೈದ್ಯಕೀಯ ವ್ಯಾಸಂಗಕ್ಕೆ ಸೇರಿದರು. ಅವರಿಗೆ ಒಲಿದುದು ಮನೋವೈದ್ಯಶಾಸ್ತ್ರ. ಒಂದು ದಿನ ಬಿಳಿಯ ಬಾಲಕನೊಬ್ಬ ಅವರನ್ನು ಕಂಡು, ಕೈಮಾಡಿ ತೋರಿಸಿ, ತನಗೆ ಭಯವಾಗುತ್ತದೆಂದು ತಾಯಿಯನ್ನು ಅಪ್ಪಿಕೊಂಡ ಪ್ರಸಂಗವನ್ನು ಅವರು ಮುಂದೆ ಬರೆದಿದ್ದಾರೆ. ತಾನೊಬ್ಬ ವಿದ್ಯಾವಂತ, ಯೋಧ, ವೈದ್ಯನಾಗಲಿರುವವನು. ಆದರೆ ಆ ಮಗುವಿನ ಕಣ್ಣಿಗೆ ಕಂಡುದು ಕೇವಲ ಚರ್ಮದ ಬಣ್ಣ! ಮಗುವಿನ ತಪ್ಪೇನಿದೆ? ಅದು ಹಾಗೆ ಹೆದರುವುದನ್ನು ಕಲಿಸಿದ ಸಮಾಜದ ದೋಷವದು. ಇಂತಹ ಅನುಭವಗಳು ಕಪ್ಪುಜನರ ಮನಸ್ಸಿನಲ್ಲಿ ಯಾವ ಬಿರುಕನ್ನು ಉಂಟುಮಾಡುತ್ತವೆ ಎಂಬುದನ್ನು ವಿವೇಚಿಸಿ ಅವರು ಒಂದು ಗ್ರಂಥವನ್ನು ಬರೆದರು. ಅದನ್ನೇ ವೈದ್ಯಪದವಿಯ ಪ್ರಬಂಧವಾಗಿ ಒಪ್ಪಿಸಬಯಸಿದಾಗ ಅದು ಅಂಗೀಕೃತವಾಗಲಿಲ್ಲ. ಎದೆಗುಂದದ ಫ್ಯಾನನ್ ಬೇರೊಂದು ವಿಷಯದ ಮೇಲೆ ಪ್ರಬಂಧ ಬರೆದು 1951ರಲ್ಲಿ ಪದವಿ ಪಡೆದರು. ಮೊದಲಿನ ಬರಹವು ‘ಕಪ್ಪು ಚರ್ಮ, ಬಿಳಿ ಮುಖವಾಡಗಳು’ ಎಂಬ ಹೆಸರಿನಲ್ಲಿ 1952ರಲ್ಲಿ ಪ್ರಕಟವಾಯಿತು. ಇಂದು ಅದು ಜಗತ್ತಿನ ಅನೇಕ ವಿಶ್ವವಿದ್ಯಾನಿಲಯಗಳಲ್ಲಿ ಅಭ್ಯಾಸಗ್ರಂಥವಾಗಿದೆ.

ಲಿಯೋನಿನಲ್ಲಿ ಉತ್ತರ ಆಫ್ರಿಕದಿಂದ ದುಡಿಯಲು ಬಂದ ಬಡ ಕೂಲಿಗಾರರು ಬಹಳ ಮಂದಿಯಿದ್ದರು. ಅವರು ವೈದ್ಯರಲ್ಲಿಗೆ ಬಂದು ಮೈಯೆಲ್ಲ ನೋವೆನ್ನುತ್ತಿದ್ದರು. ನೋವು ಎಲ್ಲಿ ಎಂದರೆ ಖಚಿತವಾಗಿ ಹೇಳಲಾರರು. ಅನೇಕ ವೈದ್ಯರು ಇವರನ್ನು ಸೋಮಾರಿಗಳು, ನಟನೆ ಮಾಡುವವರು ಎಂದು ತಳ್ಳಿಹಾಕುತ್ತಿದ್ದರು. ಫ್ಯಾನನ್ ಹಾಗೆ ಮಾಡಲಿಲ್ಲ. ಮನೆಮಂದಿಯಿಂದ ದೂರವಾಗಿ, ನಾಳೆಯ ಅನ್ನದ ಭರವಸೆಯಿಲ್ಲದೆ, ಪ್ರೀತಿಯ ಒಂದು ಮಾತಿಲ್ಲದೆ ಪರದೇಶದಲ್ಲಿ ಬದುಕುವವನ ನೋವು ಮೈಯ ಒಂದು ಅಂಗದಲ್ಲಿರುವುದಿಲ್ಲ. ಅದು ಅವನ ಇಡೀ ಬಾಳಿನಲ್ಲಿರುತ್ತದೆ ಎಂಬುದನ್ನು ಅವರು ಅರಿತು, ಅದನ್ನು ಲೇಖನವೊಂದರಲ್ಲಿ ವೈದ್ಯಲೋಕದ ಮುಂದಿಟ್ಟರು.

ಅನಂತರ ಅವರು ಸೇಂಟ್ ಆಲ್ಬನ್ ಎಂಬ ಊರಿನ ಮಾನಸಿಕ ಆಸ್ಪತ್ರೆಯಲ್ಲಿ ಫ್ರಾಂಸ್ವಾ ತೋಸ್ಕೆಯೆಸ್ ಎಂಬ ವೈದ್ಯರ ಬಳಿ ತರಬೇತಿ ಪಡೆದರು. ತೋಸ್ಕೆಯೆಸ್ ಸ್ಪೇನಿನ ಸರ್ವಾಧಿಕಾರದಿಂದ ಪಾರಾಗಿ ಬಂದವರು. ರೋಗಿಯನ್ನು ಗುಣಪಡಿಸುವ ಮೊದಲು ಆಸ್ಪತ್ರೆಯನ್ನೇ ಗುಣಪಡಿಸಬೇಕು ಎಂಬುದು ಅವರ ಮತ. ಅಲ್ಲಿ ರೋಗಿಗಳೂ ವೈದ್ಯರೂ ಒಟ್ಟಿಗೆ ಸಭೆ ಸೇರುತ್ತಿದ್ದರು, ಕೆಲಸ ಮಾಡುತ್ತಿದ್ದರು, ಪತ್ರಿಕೆ ಹೊರಡಿಸುತ್ತಿದ್ದರು. ಈ ಪದ್ಧತಿ ಫ್ಯಾನನ್ನರ ಮನಸ್ಸಿಗೆ ಬಹಳವಾಗಿ ಹಿಡಿಸಿತು.

1953ರ ನವೆಂಬರಿನಲ್ಲಿ, ತಮ್ಮ ಇಪ್ಪತ್ತೆಂಟನೆಯ ವಯಸ್ಸಿನಲ್ಲಿ, ಫ್ಯಾನನ್ ಆಫ್ರಿಕದ ಉತ್ತರ ಕರಾವಳಿಯಲ್ಲಿರುವ ಅಲ್ಜೀರಿಯಕ್ಕೆ ಬಂದು ಬ್ಲಿಡಾ ನಗರದ ದೊಡ್ಡ ಮಾನಸಿಕ ಆಸ್ಪತ್ರೆಯಲ್ಲಿ ಅಧಿಕಾರ ವಹಿಸಿಕೊಂಡರು. ಅಲ್ಜೀರಿಯವನ್ನು ಫ್ರೆಂಚರು 1830ರಿಂದಲೂ ಆಳುತ್ತಿದ್ದರು. ಅಲ್ಲಿನ ಪ್ರಸಿದ್ಧ ಮನೋವೈದ್ಯ ಆಂಟ್ವಾನ್ ಪೊರೋ ಮತ್ತು ಅವನ ಶಿಷ್ಯರು, ಉತ್ತರ ಆಫ್ರಿಕದ ಮುಸಲ್ಮಾನರ ಮಿದುಳೇ ಪೂರ್ಣವಾಗಿ ಬೆಳೆದಿಲ್ಲ, ಅವರು ಹುಟ್ಟಿನಿಂದಲೇ ಒರಟರು, ಅಪರಾಧದ ಪ್ರವೃತ್ತಿಯವರು ಎಂದು ಬೋಧಿಸುತ್ತಿದ್ದರು. ಇಂತಹ ಮಾತು ವೈದ್ಯರ ಬಾಯಿಂದ ಬಂದುದು ಅದೇ ಮೊದಲಲ್ಲ. 1851ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಎಂಬ ವೈದ್ಯ, ಗುಲಾಮರು ಒಡೆಯನಿಂದ ತಪ್ಪಿಸಿಕೊಂಡು ಓಡಿಹೋಗಲು ಬಯಸುವುದೇ ಒಂದು ಮನೋರೋಗವೆಂದು ಹೇಳಿ ಅದಕ್ಕೊಂದು ಹೆಸರನ್ನೂ ಇಟ್ಟಿದ್ದ! ಸ್ವಾತಂತ್ರ್ಯದ ಹಂಬಲವನ್ನೇ ರೋಗವೆನ್ನುವ ವಿದ್ಯೆ ಯಾರ ಸೇವೆ ಮಾಡುತ್ತದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬ್ಲಿಡಾದಲ್ಲಿ ಫ್ಯಾನನ್ನರ ಪಾಲನೆಗೆ ಬಂದವರು 165 ಮಂದಿ ಯುರೋಪಿಯನ್ ಸ್ತ್ರೀಯರು ಮತ್ತು 220 ಮಂದಿ ಮುಸಲ್ಮಾನ ಪುರುಷರು. ಸೇಂಟ್ ಆಲ್ಬನ್ನಿನಲ್ಲಿ ಕಲಿತ ಪದ್ಧತಿಯನ್ನು ಅವರು ಇಬ್ಬರಿಗೂ ಅನ್ವಯಿಸಿದರು. ಸ್ತ್ರೀಯರ ವಿಭಾಗದಲ್ಲಿ ಕೆಲವೇ ವಾರಗಳಲ್ಲಿ ಒಳ್ಳೆಯ ಫಲ ಕಂಡಿತು. ಅವರು ಸಭೆಗಳಲ್ಲಿ ಮಾತನಾಡಿದರು, ಕ್ರಿಸ್‌ಮಸ್ ಹಬ್ಬವನ್ನು ಆಚರಿಸಿದರು, ಚಲನಚಿತ್ರ ನೋಡಿದರು, ತಮ್ಮದೇ ಪತ್ರಿಕೆಗೆ ಬರೆದರು. ವರ್ಷಗಟ್ಟಲೆ ಮೌನವಾಗಿದ್ದವರು ನಕ್ಕರು. ಆದರೆ ಪುರುಷರ ವಿಭಾಗದಲ್ಲಿ ಎಲ್ಲವೂ ಹೊಳೆಯಲ್ಲಿ ಹುಣಿಸೆಹಣ್ಣು ಕಿವುಚಿದಂತಾಯಿತು. ಸಭೆಗೆ ಕರೆದರೆ ಅವರು ಬಂದು ಸುಮ್ಮನೆ ಕುಳಿತಿರುವರು. ಆಟಕ್ಕೆ ಕರೆದರೆ ಎದ್ದುಹೋಗುವರು. ಬುಟ್ಟಿ ಹೆಣೆಯಲು ನಾರು ಕೊಟ್ಟರೆ ಅದನ್ನು ಮುಟ್ಟುವವರಿಲ್ಲ. ತಿಂಗಳುಗಳು ಉರುಳಿದರೂ ಆ ವಿಭಾಗದಲ್ಲಿ ಚೈತನ್ಯ ಮೂಡಲಿಲ್ಲ.

ಆಗ ಫ್ಯಾನನ್ನರ ಮುಂದೆ ಎರಡು ದಾರಿಗಳಿದ್ದವು. ಪೊರೋ ಪಂಥದವರು ಹೇಳಿದಂತೆ ಈ ಜನರೇ ಹೀಗೆ, ಇವರು ತಿದ್ದಲಾಗದವರು ಎಂದು ಕೈತೊಳೆದುಕೊಳ್ಳುವುದು ಒಂದು. ದೋಷ ತಮ್ಮಲ್ಲಿಯೇ ಇರಬಹುದೇ ಎಂದು ಪರೀಕ್ಷಿಸಿಕೊಳ್ಳುವುದು ಇನ್ನೊಂದು. ಮೊದಲನೆಯದು ಸುಲಭ, ಅದನ್ನು ಆಯ್ದುಕೊಂಡಿದ್ದರೆ ಅಲ್ಲಿ ಅವರನ್ನು ಆಕ್ಷೇಪಿಸುವವರು ಯಾರೂ ಇರಲಿಲ್ಲ. ಫ್ಯಾನನ್ ಎರಡನೆಯ ದಾರಿಯನ್ನು ಹಿಡಿದರು. ಅವರ ಜೀವನದ ಹಿರಿಮೆಯೆಲ್ಲ ಈ ಒಂದು ನಿರ್ಧಾರದಲ್ಲಿ ಅಡಗಿದೆ.

ತಮ್ಮ ಕಿರಿಯ ಸಹೋದ್ಯೋಗಿ ಜಾಕ್ ಅಜುಲೇ ಅವರೊಡನೆ ಅವರು ವಿಷಯವನ್ನು ಶೋಧಿಸತೊಡಗಿದರು. ತಪ್ಪುಗಳು ಒಂದೊಂದಾಗಿ ಹೊರಬಿದ್ದವು. ವೈದ್ಯರಿಗೆ ಅರಬ್ಬಿ ಭಾಷೆ ಬರುತ್ತಿರಲಿಲ್ಲ. ದುಭಾಷಿಯ ಮೂಲಕವೇ ಮಾತು. ಅಲ್ಜೀರಿಯದ ಬಡವನು ದುಭಾಷಿಯನ್ನು ಕಂಡಿದ್ದುದು ನ್ಯಾಯಾಲಯದಲ್ಲಿ, ಪೊಲೀಸರ ಮುಂದೆ, ಸರ್ಕಾರಿ ಕಚೇರಿಯಲ್ಲಿ. ದುಭಾಷಿಯನ್ನು ಕಂಡೊಡನೆ ಅವನ ಬಾಯಿ ಕಟ್ಟುತ್ತಿತ್ತು. ಪತ್ರಿಕೆಯೋ, ಓದುಬರಹ ಬಲ್ಲವರೇ ಅವರಲ್ಲಿ ವಿರಳ. ಬುಟ್ಟಿ ಹೆಣೆಯುವುದು ಅವರ ದೃಷ್ಟಿಯಲ್ಲಿ ಹೆಂಗಸರ ಕೆಲಸ. ಆಚರಿಸಿದ ಹಬ್ಬಗಳು ಅವರವಲ್ಲ, ಹಾಡಿದ ಹಾಡುಗಳು ಅವರವಲ್ಲ. ಯುರೋಪಿನ ಬದುಕಿಗೆ ಅಳತೆ ಮಾಡಿ ಹೊಲಿದ ಅಂಗಿಯನ್ನು ಅವರಿಗೆ ತೊಡಿಸಲು ಹೊರಟಿದ್ದರು. ಅದು ಹೊಂದದಿದ್ದಾಗ ಮೈಯದೇ ತಪ್ಪೆಂದು ಹೇಳುವುದು ಎಂತಹ ನ್ಯಾಯ?

ಕೂಡಲೇ ಕ್ರಮಗಳು ಬದಲಾದವು. ಅಲ್ಜೀರಿಯದ ಊರೂರಿನಲ್ಲಿಯೂ ಗಂಡಸರು ಸಂಜೆ ಕಲೆತು ಮಾತನಾಡುವ ಕಾಫಿ ಅಂಗಡಿಗಳಿರುತ್ತವೆ. ಅಂತಹುದೇ ಒಂದು ಕಾಫಿಮನೆ ಆಸ್ಪತ್ರೆಯ ಆವರಣದಲ್ಲಿ ತೆರೆಯಿತು. ಮುಸಲ್ಮಾನರ ಹಬ್ಬಗಳನ್ನು ಕ್ರಮವಾಗಿ ಆಚರಿಸಲಾಯಿತು. ಹಳ್ಳಿಗಳಲ್ಲಿ ವೀರರ, ಸಂತರ ಕಥೆಗಳನ್ನು ಹೇಳುತ್ತ ಸಂಚರಿಸುವ ವೃತ್ತಿಗಾರ ಕಥೆಗಾರನನ್ನು ಬರಮಾಡಿಕೊಳ್ಳಲಾಯಿತು. ಬುಟ್ಟಿಯ ನಾರಿಗೆ ಬದಲಾಗಿ ಕೈಗೆ ಗುದ್ದಲಿ ಬಂತು. ಮಣ್ಣಿನ ಮಕ್ಕಳಾದ ಆ ರೈತರು ತೋಟ ಮಾಡತೊಡಗಿದರು. ಚೆಂಡಾಟದ ಮೈದಾನವೂ ಸಿದ್ಧವಾಯಿತು. ಮೆಲ್ಲಮೆಲ್ಲನೆ ಮೌನ ಮುರಿಯಿತು. ಯಾರನ್ನು ತಿದ್ದಲಾಗದವರೆಂದು ಕರೆದಿದ್ದರೋ ಅವರೇ ನಕ್ಕರು, ಹರಟಿದರು, ಚೇತರಿಸಿಕೊಂಡರು. ತಮ್ಮ ಮೊದಲ ಪ್ರಯತ್ನ ಸೋತುದನ್ನೂ ಸೋಲಿನ ಕಾರಣ ತಮ್ಮ ಅಜ್ಞಾನವೆಂಬುದನ್ನೂ ಮುಚ್ಚಿಡದೆ ಫ್ಯಾನನ್ ಮತ್ತು ಅಜುಲೇ 1954ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು.

ಈ ಪಾಠವನ್ನು ಇನ್ನೊಂದು ಪ್ರಸಂಗ ದೃಢಪಡಿಸಿತು. ಮನೋರೋಗಿಗಳಿಗೆ ಕೆಲವು ಚಿತ್ರಗಳನ್ನು ತೋರಿಸಿ, ಅವುಗಳ ಮೇಲೆ ಕಥೆ ಕಟ್ಟುವಂತೆ ಹೇಳಿ, ಆ ಮೂಲಕ ಅವರ ಅಂತರಂಗವನ್ನು ತಿಳಿಯುವ ಪರೀಕ್ಷೆಯೊಂದಿದೆ. ಅದನ್ನು ಅಲ್ಜೀರಿಯದ ಸ್ತ್ರೀಯರಿಗೆ ಕೊಟ್ಟಾಗ ಅವರು ತಡವರಿಸಿದರು, ಕಥೆ ಹುಟ್ಟಲಿಲ್ಲ. ಅವರಿಗೆ ಕಲ್ಪನಾಶಕ್ತಿಯಿಲ್ಲವೆಂದು ಬೇರೆಯವರು ತೀರ್ಮಾನಿಸುತ್ತಿದ್ದರೇನೋ. ಆದರೆ ಆ ಚಿತ್ರಗಳ ಮನೆ, ಉಡುಪು, ಮುಖಗಳೆಲ್ಲವೂ ಪಾಶ್ಚಾತ್ಯರವು. ಅದೇ ಕಟ್ಟಿನಲ್ಲಿ ಏನನ್ನೂ ಚಿತ್ರಿಸದ ಒಂದು ಬಿಳಿಯ ಹಾಳೆಯೂ ಇತ್ತು. ಅದನ್ನು ಮುಂದಿಟ್ಟೊಡನೆ ಆ ಸ್ತ್ರೀಯರ ಬಾಯಿಂದ ಸೊಗಸಾದ, ಸಮೃದ್ಧವಾದ ಕಥೆಗಳು ಹರಿದುಬಂದವು. ಪರರ ಚಿತ್ರ ಸರಿದಾಗ ಅವರದೇ ಲೋಕ ತೆರೆದುಕೊಂಡಿತು. ಈ ಅಧ್ಯಯನ 1956ರಲ್ಲಿ ಬೆಳಕಿಗೆ ಬಂತು. ಹಳ್ಳಿಗಾಡಿನಲ್ಲಿ ಮನೋರೋಗಿಗಳನ್ನು ಜನ ಹೇಗೆ ಕಾಣುತ್ತಾರೆಂಬುದನ್ನೂ ಫ್ಯಾನನ್ ತಿಳಿದುಕೊಂಡರು. ರೋಗ ಭೂತಪ್ರೇತಗಳಿಂದ ಬಂದುದೆಂಬ ಅವರ ನಂಬಿಕೆಯನ್ನು ವೈದ್ಯರಾದ ಫ್ಯಾನನ್ ಒಪ್ಪಲಿಲ್ಲ. ಆದರೆ ಆ ನಂಬಿಕೆಯ ಫಲವಾಗಿ ಹಳ್ಳಿಯವರು ರೋಗಿಯನ್ನು ದ್ವೇಷಿಸದೆ, ದೂಷಿಸದೆ, ಗೌರವದಿಂದ ಕಾಣುವುದನ್ನು ಕಂಡು ಮೆಚ್ಚಿದರು.

1954ರ ನವೆಂಬರ್ 1ರಂದು ಅಲ್ಜೀರಿಯದಲ್ಲಿ ಸ್ವಾತಂತ್ರ್ಯಸಮರ ಭುಗಿಲೆದ್ದಿತು. ಬಂಧನ, ಚಿತ್ರಹಿಂಸೆ, ಕೊಲೆಗಳು ನಿತ್ಯದ ಸಂಗತಿಗಳಾದವು. ಬ್ಲಿಡಾದ ಆಸ್ಪತ್ರೆಗೆ ಹಿಂಸೆಗೆ ತುತ್ತಾದವರೂ ಬಂದರು, ಹಿಂಸಿಸಿದವರೂ ಬಂದರು. ಹಿಂಸೆ ಕೊಟ್ಟ ಪೊಲೀಸರಿಗೆ ನಿದ್ರೆ ಬಾರದು. ಕಿವಿಯಲ್ಲಿ ಚೀತ್ಕಾರ ಮೊಳಗುತ್ತಿರುವುದು. ಒಬ್ಬನಂತೂ ಮನೆಯಲ್ಲಿ ಹೆಂಡತಿ ಮಕ್ಕಳನ್ನೇ ಹೊಡೆಯತೊಡಗಿದ್ದನು. ಒಂದು ದಿನ ಆಸ್ಪತ್ರೆಯ ಆವರಣದಲ್ಲಿ ಇಂತಹ ಒಬ್ಬ ಪೊಲೀಸನಿಗೆ ತಾನೇ ಹಿಂಸಿಸಿದ್ದ ವ್ಯಕ್ತಿ ಎದುರಾದನು. ಪೊಲೀಸನು ಬೆವತು ನಡುಗುತ್ತ ನಿಂತುಬಿಟ್ಟನು. ಇತ್ತ ಆ ರೋಗಿ, ತನ್ನನ್ನು ಮತ್ತೆ ಹಿಡಿದೊಯ್ಯಲು ಬಂದಿದ್ದಾರೆಂದು ಹೆದರಿ ಪ್ರಾಣವನ್ನೇ ಬಿಡಲು ಮುಂದಾಗಿದ್ದನು. ಅವನನ್ನು ಹುಡುಕಿ ಸಂತೈಸಿ ನಂಬಿಸಬೇಕಾದರೆ ಬಹಳ ಹೊತ್ತು ಹಿಡಿಯಿತು. ಫ್ಯಾನನ್ ಇಬ್ಬರಿಗೂ ಚಿಕಿತ್ಸೆ ಮಾಡಿದರು. ಅನ್ಯಾಯದ ಆಳ್ವಿಕೆ ಆಳಿಸಿಕೊಳ್ಳುವವನನ್ನು ಮಾತ್ರವಲ್ಲ, ಆಳುವವನ ಮನಸ್ಸನ್ನೂ ಕೆಡಿಸುತ್ತದೆ ಎಂಬ ಸತ್ಯ ಅವರಿಗೆ ಮನವರಿಕೆಯಾಯಿತು.

ರೋಗಿಯನ್ನು ಗುಣಪಡಿಸಿ ಮತ್ತೆ ಅದೇ ನರಕಕ್ಕೆ ಕಳುಹಿಸುವುದಾದರೆ ಚಿಕಿತ್ಸೆಗೆ ಅರ್ಥವೇನು? ಮನುಷ್ಯನು ತನ್ನ ಪರಿಸರದಲ್ಲಿ ಪರಕೀಯನಾಗದಂತೆ ಮಾಡುವುದು ಮನೋವೈದ್ಯದ ಗುರಿ. ತನ್ನ ನಾಡಿನಲ್ಲಿಯೇ ಪರಕೀಯನಾಗಿ ಬಾಳುವಂತೆ ಅಲ್ಜೀರಿಯದವನನ್ನು ಮಾಡಿಟ್ಟ ಆಡಳಿತದಡಿಯಲ್ಲಿ ಈ ಗುರಿಯನ್ನು ಸಾಧಿಸಲಾಗದು ಎಂಬ ಅಭಿಪ್ರಾಯವನ್ನು ನಿರ್ಭಯವಾಗಿ ತಿಳಿಸಿ, ಅವರು 1956ರ ಕೊನೆಯಲ್ಲಿ ಉನ್ನತ ಅಧಿಕಾರಿಗೆ ರಾಜೀನಾಮೆ ಬರೆದರು. ಸರ್ಕಾರ ಅವರನ್ನು ದೇಶದಿಂದ ಹೊರಹಾಕಿತು. ಅವರು 1957ರಲ್ಲಿ ನೆರೆಯ ಟ್ಯುನೀಸಿಯಕ್ಕೆ ಹೋಗಿ, ಅಲ್ಜೀರಿಯದ ವಿಮೋಚನಾ ಹೋರಾಟದಲ್ಲಿ ಬಹಿರಂಗವಾಗಿ ಭಾಗವಹಿಸಿದರು. ಹೋರಾಟಗಾರರ ಪತ್ರಿಕೆಗೆ ಬರೆದರು. 1960ರಲ್ಲಿ ಘಾನಾ ದೇಶಕ್ಕೆ ಅವರ ರಾಯಭಾರಿಯಾದರು. ಈ ನಡುವೆಯೂ ವೈದ್ಯವೃತ್ತಿಯನ್ನು ಬಿಡಲಿಲ್ಲ. ಟ್ಯುನಿಸ್ ನಗರದ ಸಾರ್ವಜನಿಕ ಆಸ್ಪತ್ರೆಯಲ್ಲಿ ಹಗಲು ಚಿಕಿತ್ಸಾ ಕೇಂದ್ರವನ್ನು ಸ್ಥಾಪಿಸಿದರು. ಅಲ್ಲಿ ರೋಗಿಗಳು ಬೆಳಿಗ್ಗೆ ಬಂದು ಚಿಕಿತ್ಸೆ ಪಡೆದು ಸಂಜೆ ತಮ್ಮ ಮನೆಗೆ ಮರಳುತ್ತಿದ್ದರು. ಗೋಡೆಗಳ ನಡುವೆ ಕೂಡಿಹಾಕುವುದಕ್ಕಿಂತ ತನ್ನವರ ನಡುವೆ ಇರಿಸಿಕೊಂಡೇ ಗುಣಪಡಿಸುವುದು ಮೇಲೆಂಬುದನ್ನು ಅವರು ಹೀಗೆ ತೋರಿಸಿಕೊಟ್ಟರು.

ಆದರೆ ವಿಧಿ ಅವರಿಗೆ ಹೆಚ್ಚು ಕಾಲ ಕೊಡಲಿಲ್ಲ. 1960ರ ಕೊನೆಯಲ್ಲಿ ಅವರಿಗೆ ರಕ್ತದ ಕ್ಯಾನ್ಸರ್ ಇರುವುದು ತಿಳಿದುಬಂತು. ಸಾವು ಬಾಗಿಲಲ್ಲಿ ನಿಂತಿರುವುದನ್ನು ಬಲ್ಲ ಅವರು 1961ರಲ್ಲಿ ಕೆಲವೇ ವಾರಗಳಲ್ಲಿ ‘ಭೂಮಿಯ ಶಾಪಗ್ರಸ್ತರು’ ಎಂಬ ತಮ್ಮ ಪ್ರಸಿದ್ಧ ಗ್ರಂಥವನ್ನು ರಚಿಸಿದರು. ವಸಾಹತುಶಾಹಿಯ ಹಿಂಸೆಗೆ ಪ್ರತಿಹಿಂಸೆ ಅನಿವಾರ್ಯವೆಂದು ಅದರಲ್ಲಿ ಅವರು ವಾದಿಸಿದ್ದನ್ನು ಒಪ್ಪದವರು ಬಹುಮಂದಿ. ಆದರೆ ಅದೇ ಗ್ರಂಥದಲ್ಲಿ, ಹಿಂಸೆ ಎರಡು ಪಕ್ಷದವರ ಮನಸ್ಸಿನಲ್ಲಿಯೂ ಉಳಿಸಿಹೋಗುವ ಗಾಯಗಳನ್ನು ವೈದ್ಯನ ಪ್ರಾಮಾಣಿಕತೆಯಿಂದ ಅವರು ದಾಖಲಿಸಿದ್ದಾರೆ ಎಂಬುದನ್ನು ಮರೆಯಲಾಗದು. ಚಿಕಿತ್ಸೆಗಾಗಿ ಅವರನ್ನು ಅಮೆರಿಕಕ್ಕೆ ಕರೆದೊಯ್ಯಲಾಯಿತು. 1961ರ ಡಿಸೆಂಬರ್ 6ರಂದು, ಮೂವತ್ತಾರನೆಯ ವಯಸ್ಸಿನಲ್ಲಿ ಅವರು ಅಲ್ಲಿಯೇ ಕೊನೆಯುಸಿರೆಳೆದರು. ಅವರ ಇಚ್ಛೆಯಂತೆ ದೇಹವನ್ನು ಟ್ಯುನೀಸಿಯಕ್ಕೆ ತಂದು, ಗಡಿ ದಾಟಿಸಿ, ಅಲ್ಜೀರಿಯದ ಮಣ್ಣಿನಲ್ಲಿ ಸಮಾಧಿ ಮಾಡಲಾಯಿತು. ಏಳು ತಿಂಗಳ ಬಳಿಕ, 1962ರ ಜುಲೈನಲ್ಲಿ, ಅಲ್ಜೀರಿಯ ಸ್ವತಂತ್ರವಾಯಿತು. ಆ ದಿನವನ್ನು ನೋಡುವ ಭಾಗ್ಯ ಫ್ಯಾನನ್ನರಿಗಿರಲಿಲ್ಲ. ಅವರು ದುಡಿದ ಬ್ಲಿಡಾದ ಆಸ್ಪತ್ರೆ ಇಂದು ಅವರ ಹೆಸರನ್ನೇ ಹೊತ್ತಿದೆ.

ಫ್ಯಾನನ್ ಹಚ್ಚಿದ ದೀಪದ ಬೆಳಕು ಇನ್ನೂ ಎಲ್ಲೆಡೆ ಹರಡಿಲ್ಲ. ಇಂಗ್ಲೆಂಡಿನಲ್ಲಿ ಇಂದಿಗೂ ಬಿಳಿಯರಿಗಿಂತ ಮೂರು ಪಟ್ಟಿಗೂ ಹೆಚ್ಚಿನ ಪ್ರಮಾಣದಲ್ಲಿ ಕಪ್ಪುಜನರನ್ನು ಅವರ ಇಚ್ಛೆಗೆ ವಿರುದ್ಧವಾಗಿ ಮಾನಸಿಕ ಆಸ್ಪತ್ರೆಗಳಲ್ಲಿ ಇರಿಸಲಾಗುತ್ತಿದೆಯೆಂದು ಅಲ್ಲಿನ ಸರ್ಕಾರದ ಅಂಕಿ ಅಂಶಗಳೇ ತಿಳಿಸುತ್ತವೆ. ಅಮೆರಿಕದ ಮನೋವೈದ್ಯರ ಸಂಘವು ಕಪ್ಪುಜನರಿಗೂ ಮೂಲನಿವಾಸಿಗಳಿಗೂ ತಮ್ಮ ವೃತ್ತಿಯಿಂದ ಆದ ಅನ್ಯಾಯಕ್ಕಾಗಿ 2021ರಲ್ಲಿ ಬಹಿರಂಗವಾಗಿ ಕ್ಷಮೆ ಬೇಡಿತು. ರೋಗಿಯ ಭಾಷೆ, ನಂಬಿಕೆ, ಬದುಕಿನ ರೀತಿಗಳನ್ನು ಅರಿತು ಚಿಕಿತ್ಸೆ ಮಾಡಬೇಕೆಂಬ ಮಾತನ್ನು ಈಗ ವೈದ್ಯಶಾಲೆಗಳು ಬೋಧಿಸುತ್ತಿವೆ. ಬ್ಲಿಡಾದ ಆ ಕಾಫಿಮನೆಯಲ್ಲಿ, ಆ ಕಥೆಗಾರನ ಸುತ್ತ ನೆರೆದ ರೋಗಿಗಳ ನಡುವೆ ಫ್ಯಾನನ್ ಕಲಿತ ಪಾಠವೂ ಇದೇ ಆಗಿತ್ತು.

ತನ್ನ ಮದ್ದು ಫಲಿಸದಿದ್ದಾಗ ರೋಗಿಯ ಕುಲವನ್ನು ಹಳಿಯದೆ ತನ್ನ ಮದ್ದನ್ನೇ ಪರೀಕ್ಷಿಸಿಕೊಂಡ ವೈದ್ಯರು ಫ್ಯಾನನ್. ಇನ್ನೊಬ್ಬನ ಮೌನವನ್ನು ಅವನ ಮೂಢತನವೆಂದು ಬಗೆಯುವ ಮೊದಲು, ಅವನೊಡನೆ ಅವನ ನುಡಿಯಲ್ಲಿ ಮಾತನಾಡಿದ್ದೇವೆಯೇ ಎಂದು ಕೇಳಿಕೊಳ್ಳುವ ವಿವೇಕವನ್ನು ಅವರ ಬಾಳು ನಮಗೆ ಕಲಿಸುತ್ತದೆ.